ಸಿಂಹಾವಲೋಕನ: ಕನ್ನಡದ ಸಿಂಹ ಮತ್ತು ಕಾಡಿನ ಸಿಂಹ

(ವಿಭಾಗದ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಚರ್ಚೆಯಲ್ಲಿ ಬಂದ ಮೂರು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಪೀಠಿಕೆ

ನನ್ನ ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ಈ ಪ್ರಬಂಧ ಹುಟ್ಟಿದ್ದು ನನ್ನ ಒಂದು ತಪ್ಪಿನಿಂದ. ಎಂ.ಎ. ಮೊದಲ ವರ್ಷದಲ್ಲಿ ಹಳಗನ್ನಡ ಕಾವ್ಯಗಳ ಪ್ರಾಣಿಲೋಕದ ಬಗ್ಗೆ ಒಂದು ನಿಯೋಜಿತ ಬರಹ ಕೊಡಬೇಕಿತ್ತು. ಅದರಲ್ಲಿ ನಾನು, ಪ್ರಾಚೀನ ಕರ್ನಾಟಕದ ಕಾಡುಗಳಲ್ಲಿ ಸಿಂಹಗಳು ಹೇರಳವಾಗಿದ್ದವು, ಇದಕ್ಕೆ ನಮ್ಮ ಕಾವ್ಯಗಳೇ ಸಾಕ್ಷಿ ಅಂತ ಬರೆದಿದ್ದೆ. ಬರೆಯುವಾಗ ಸ್ವಲ್ಪವೂ ಅನುಮಾನ ಬಂದಿರಲಿಲ್ಲ. ಬರಹ ವಾಪಸ್ ಬಂದಾಗ ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಎರಡೇ ಪದ ಬರೆದಿದ್ದರು: "ಯಾವ ಕಾಡು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ನನ್ನ ಊರು ಹೊಸೂರು ಸೀಮೆಯ ಬಾಗಲೂರು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಮನೆಮಾತು ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ನಮ್ಮ ಕಡೆ ಕಾಡು ಅಂದರೆ ಜವಳಗೆರೆ, ದೇನಕನಿಕೋಟೆ, ತಳಿ, ಅಂಚೆಟ್ಟಿ. ಅಲ್ಲಿ ಆನೆ ಇದೆ, ಚಿರತೆ ಇದೆ. ಸಿಂಹ ಇತ್ತು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಆದರೂ ಸಿಂಹ ನಮಗೆ ಅಪರಿಚಿತ ಅಲ್ಲ. ಗುಡಿಯ ಕಂಬದಲ್ಲಿದೆ, ಮನೆಯ ಕ್ಯಾಲೆಂಡರಿನಲ್ಲಿದೆ, ಮನುಷ್ಯರ ಹೆಸರಿನಲ್ಲಿದೆ.

ಹಾಗಾದರೆ ಈ ಸಿಂಹ ಎಲ್ಲಿಂದ ಬಂತು? ಕಾಡಿನಲ್ಲಿ ಬದುಕುವ ಸಿಂಹಕ್ಕೂ ಇದಕ್ಕೂ ಏನು ಸಂಬಂಧ? ಇವತ್ತಿನ ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ: ಕನ್ನಡಕ್ಕೆ ಸಿಂಹ ಬಂದದ್ದು ಪದವಾಗಿ, ಲಾಂಛನವಾಗಿ; ಪ್ರಾಣಿಯಾಗಿ ಅಲ್ಲ. ಕಣ್ಣಿಂದ ಕಂಡ ಪ್ರಾಣಿಯ ಜಾಗದಲ್ಲಿ ನಮ್ಮ ಜನ ಕೊನೆಯವರೆಗೂ ಹುಲಿಯನ್ನೇ ಇಟ್ಟುಕೊಂಡರು. ಈ ಎರಡನ್ನೂ ಬೇರೆ ಬೇರೆಯಾಗಿ ಓದಲು ಕಲಿಯದಿದ್ದರೆ ನಾವು ಕಾವ್ಯವನ್ನೂ ತಪ್ಪಾಗಿ ಓದ್ತೀವಿ, ಕಾಡಿನ ಇತಿಹಾಸವನ್ನೂ ತಪ್ಪಾಗಿ ಬರೀತೀವಿ.

ಕಾಡಿನ ಸಿಂಹ

ಸಾಹಿತ್ಯಕ್ಕೆ ಹೋಗುವ ಮೊದಲು ಪ್ರಾಣಿಯನ್ನು ನೋಡೋಣ. ನಾನು ಜೀವಶಾಸ್ತ್ರದ ವಿದ್ಯಾರ್ಥಿ ಅಲ್ಲ, ಆದ್ದರಿಂದ ನನ್ನ ವಾದಕ್ಕೆ ಬೇಕಾದಷ್ಟನ್ನೇ ಹೇಳ್ತೀನಿ.

ಬೆಕ್ಕಿನ ಕುಟುಂಬದ ದೊಡ್ಡ ಪ್ರಾಣಿಗಳಲ್ಲಿ ಹಿಂಡು ಕಟ್ಟಿಕೊಂಡು ಬದುಕುವುದು ಸಿಂಹ ಮಾತ್ರ. ಹುಲಿ, ಚಿರತೆ ಒಂಟಿ ಜೀವಿಗಳು. ಸಿಂಹದ ಹಿಂಡಿನ ಬೆನ್ನೆಲುಬು ಹೆಣ್ಣುಗಳು: ತಾಯಿ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮ ಹೀಗೆ ರಕ್ತಸಂಬಂಧಿಗಳು. ಸಾಮಾನ್ಯವಾಗಿ ಹೆಣ್ಣುಮರಿ ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತದೆ. ಗಂಡುಮರಿ ಎರಡು ಮೂರು ವರ್ಷಕ್ಕೆ ಮನೆ ಬಿಡಬೇಕು. ಮನೆ ಬಿಟ್ಟ ಗಂಡುಗಳು ಅಣ್ಣ ತಮ್ಮಂದಿರ ಜೊತೆಯಲ್ಲೋ ಸಿಕ್ಕ ಗೆಳೆಯರ ಜೊತೆಯಲ್ಲೋ ಅಲೆದು, ಬಲ ಬಂದಮೇಲೆ ಬೇರೊಂದು ಹಿಂಡಿನ ಗಂಡುಗಳನ್ನು ಓಡಿಸಿ ಆ ಜಾಗ ಹಿಡಿಯುತ್ತವೆ. ಆಫ್ರಿಕಾದ ಸೆರೆಂಗೆಟಿಯಲ್ಲಿ ಹೀಗೆ ಹಿಡಿದ ಅಧಿಕಾರ ಎರಡು ಮೂರು ವರ್ಷ ಉಳಿದರೆ ಹೆಚ್ಚು. ಹೊಸ ಗಂಡುಗಳು ಬಂದಾಗ ಹಳೆಯ ಗಂಡುಗಳ ಸಣ್ಣ ಮರಿಗಳನ್ನು ಕೊಲ್ಲುವುದುಂಟು; ಮರಿ ಕಳೆದುಕೊಂಡ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಬಸಿರು ಸುಮಾರು 110 ದಿನ. ಹೆರುವ ಹೊತ್ತಿಗೆ ತಾಯಿ ಹಿಂಡಿನಿಂದ ಬೇರೆಯಾಗಿ, ಮೊದಲ ಕೆಲವು ವಾರ ಮರಿಗಳನ್ನು ಪೊದೆಯಲ್ಲಿ ಬಚ್ಚಿಡುತ್ತದೆ.

ಬೇಟೆಯ ಹೆಚ್ಚಿನ ಕೆಲಸ ಹೆಣ್ಣುಗಳದ್ದು. ತಿನ್ನುವಾಗ ಗಂಡು ಮುಂದೆ ಬರುತ್ತದೆ. ನಾವು ದಿನಾ ಪತ್ರಿಕೆಯಲ್ಲಿ ಓದುವ "ಸಿಂಹಪಾಲು" ಅನ್ನೋ ಮಾತು ಕಥೆಯಿಂದ ಬಂದಿದ್ದರೂ ಪ್ರಾಣಿಶಾಸ್ತ್ರಕ್ಕೆ ಅಷ್ಟೇನೂ ದೂರವಿಲ್ಲ. ಜಾರ್ಜ್ ಶಾಲರ್ ಮೊದಲು ನಮ್ಮ ಕಾನ್ಹಾದಲ್ಲಿ ಹುಲಿಯನ್ನು, ಆಮೇಲೆ 1966ರಿಂದ 1969ರವರೆಗೆ ಸೆರೆಂಗೆಟಿಯಲ್ಲಿ ಸಿಂಹವನ್ನು ಅಧ್ಯಯನ ಮಾಡಿದವರು. ಅವರ ಕಾಲದ ಈ ಬಗೆಯ ಕ್ಷೇತ್ರಕಾರ್ಯ ಇನ್ನೊಂದು ಸಂಗತಿಯನ್ನೂ ಹೊರಗೆ ತಂದಿತು: ಸಿಂಹ ಬೇರೆ ಪ್ರಾಣಿ ಕೊಂದದ್ದನ್ನು ಕಿತ್ತು ತಿನ್ನುತ್ತದೆ. ರಾತ್ರಿ ಕತ್ತೆಕಿರುಬಗಳು ಹೊಡೆದ ಬೇಟೆಯನ್ನು ಬೆಳಗ್ಗೆ ಸಿಂಹ ಆಕ್ರಮಿಸಿಕೊಂಡಿರುತ್ತದೆ. ನೋಡಿದವರು ಸಿಂಹವೇ ಕೊಂದದ್ದು, ಕಿರುಬ ಎಂಜಲಿಗೆ ಕಾಯ್ತಿದೆ ಅಂದುಕೊಳ್ತಾರೆ.

ದಿನಕ್ಕೆ ಇಪ್ಪತ್ತು ಗಂಟೆಯಷ್ಟು ಹೊತ್ತು ಸಿಂಹ ಬಿದ್ದುಕೊಂಡೇ ಇರುತ್ತದೆ. ಚಿಕ್ಕವಳಿದ್ದಾಗ ಬನ್ನೇರುಘಟ್ಟದ ಸಫಾರಿಗೆ ಮನೆಯವರೆಲ್ಲ ಹೋಗಿದ್ದೆವು. ನಮ್ಮೂರಿಗೆ ಅದೇನೂ ದೂರವಲ್ಲ. ಬಸ್ಸಿನ ಕಿಟಕಿಯ ಜಾಲರಿಯಿಂದ ನೋಡಿದರೆ ಸಿಂಹಗಳು ನೆರಳಲ್ಲಿ ಕಾಲು ಚಾಚಿ ಮಲಗಿದ್ದವು. ನಮ್ಮಜ್ಜಿ ಸ್ವಲ್ಪ ಹೊತ್ತು ನೋಡಿ, "ಇದೇನೇ, ಸಿಂವ ಅಂದ್ರೆ ಹಿಂಗೆ ಮಲ್ಕೊಂಡಿರ್ತದಾ?" ಅಂದರು. ನಾವು ನಕ್ಕೆವು. ಈಗ ಯೋಚಿಸಿದರೆ ಅಜ್ಜಿಯ ಪ್ರಶ್ನೆಯಲ್ಲೇ ನನ್ನ ಪ್ರಬಂಧ ಇತ್ತು. ಅವರ ಮನಸ್ಸಿನಲ್ಲಿದ್ದದ್ದು ದೇವಿಯ ಕಾಲಡಿ ಬಾಯಿ ತೆರೆದು ನಿಂತ ಸಿಂಹ. ಹುಲಿಯ ಪಂಜರದ ಮುಂದೆ ಅವರಿಗೆ ಇಂಥ ಪ್ರಶ್ನೆ ಬರಲಿಲ್ಲ.

ಗೀರ್ ಸಿಂಹದ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಭಾರತದ ಸಿಂಹ ಅಂದರೆ ಈಗ ಗುಜರಾತಿನ ಗೀರ್ ಸುತ್ತಮುತ್ತಲಿನದು ಮಾತ್ರ. ಆಫ್ರಿಕಾದ್ದಕ್ಕಿಂತ ಇದರ ಕೇಸರ ತೆಳು, ಕಿವಿ ಹೊರಗೆ ಕಾಣುತ್ತದೆ. ಹೊಟ್ಟೆಯ ಕೆಳಗೆ ಉದ್ದಕ್ಕೆ ಚರ್ಮದ ಮಡಿಕೆ ಇರುತ್ತದೆ. ಗಂಡು 160ರಿಂದ 190 ಕೆ.ಜಿ. ತೂಗುತ್ತದೆ, ಹೆಣ್ಣು 110ರಿಂದ 120. ಅಲ್ಲಿ ಮುಖ್ಯ ಆಹಾರಗಳಲ್ಲಿ ಒಂದು ಚುಕ್ಕೆಜಿಂಕೆ. ಸಣ್ಣ ಬೇಟೆ ಆದ್ದರಿಂದ ದೊಡ್ಡ ಗುಂಪು ಹಂಚಿಕೊಂಡು ತಿನ್ನೋದಕ್ಕೆ ಆಗೋದಿಲ್ಲ. ಹಾಗಾಗಿ ಹೆಣ್ಣುಗಳ ಗುಂಪು ಚಿಕ್ಕದು. ಗಂಡುಗಳು ಬಹುಪಾಲು ಬೇರೆಯೇ ತಿರುಗುತ್ತವೆ, ಕೂಡುವ ಕಾಲಕ್ಕೆ ಅಥವಾ ದೊಡ್ಡ ಬೇಟೆ ಬಿದ್ದಾಗ ಸೇರುತ್ತವೆ. ಗೀರ್‌ನಲ್ಲಿ ಒಂದು ಹೆಣ್ಣು ಬೇರೆ ಬೇರೆ ಗಂಡುಜೊತೆಗಳೊಂದಿಗೆ ಕೂಡುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಮರಿ ಯಾರದ್ದು ಅನ್ನೋದು ಗಂಡುಗಳಿಗೆ ಖಚಿತವಾಗದಿದ್ದರೆ ಮರಿ ಉಳಿಯುವ ಸಾಧ್ಯತೆ ಹೆಚ್ಚು ಅನ್ನುವುದು ಅವರ ವಿವರಣೆ.

ಈಗ ಪಂಚತಂತ್ರ ನೆನಪು ಮಾಡಿಕೊಳ್ಳಿ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಕವಿಯ ಹೆಸರಲ್ಲೇ ಸಿಂಹ ಇದೆ. ಆ ಪರಂಪರೆಯ ಮೊದಲ ಕಥೆಯಲ್ಲಿ ಸಿಂಹ ಒಬ್ಬ ಗಂಡು ಅರಸ. ಸುತ್ತ ನರಿ ಮಂತ್ರಿಗಳು, ಗೆಳೆಯನಾಗಿ ಒಂದು ಎತ್ತು. ಈ ಅರಸನ ತಾಯಿ, ಅಕ್ಕ, ತಂಗಿಯರು ಎಲ್ಲಿ? ಬೇಟೆಯಾಡುವ ಹೆಣ್ಣು ಎಲ್ಲಿ? ಕಥೆ ಅರಮನೆಯ ರಾಜಕಾರಣದ ಕಥೆ, ಆದ್ದರಿಂದ ಅಲ್ಲಿ ಅವರಿಗೆ ಜಾಗ ಇಲ್ಲ. ಇದನ್ನು ನಾನು ದೋಷ ಅಂತ ಹೇಳ್ತಿಲ್ಲ. ಆ ಸಿಂಹವನ್ನು ಕಾಡಿನ ಅನುಭವದಿಂದ ಬರೆದಿಲ್ಲ ಅನ್ನೋದಕ್ಕೆ ಇದು ಗುರುತು ಅಂತಷ್ಟೇ ಹೇಳ್ತಿದ್ದೀನಿ.

ಸಿಂಹ ಎಲ್ಲಿತ್ತು?

ಈಗ ಆ ಎರಡು ಪದಗಳ ಪ್ರಶ್ನೆ: ಯಾವ ಕಾಡು?

ಸಿಂಹ ದಟ್ಟ ಕಾಡಿನ ಪ್ರಾಣಿಗಿಂತ ಹುಲ್ಲುಗಾವಲು, ಕುರುಚಲು, ಬಯಲುಕಾಡಿನ ಪ್ರಾಣಿ. ಒಂದು ಕಾಲಕ್ಕೆ ಪಶ್ಚಿಮ ಏಷ್ಯಾದಿಂದ ಇರಾನ್ ದಾಟಿ ಉತ್ತರ ಭಾರತದ ಬಯಲಿನವರೆಗೆ ಅದು ಹಬ್ಬಿತ್ತು. ಮೊಗಲ್ ಅರಸರು ಸಿಂಹದ ಬೇಟೆಯಾಡಿದ ದಾಖಲೆ, ಚಿತ್ರಗಳಿವೆ. ದಕ್ಷಿಣದ ಗಡಿಯಾಗಿ ಸಾಮಾನ್ಯವಾಗಿ ಹೇಳುವುದು ನರ್ಮದಾ ನದಿಯನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದೂಕಿನ ಬೇಟೆಗೆ ಸಿಕ್ಕಿ ಒಂದೊಂದೇ ಪ್ರದೇಶದಿಂದ ಮರೆಯಾಗಿ, ಕೊನೆಗೆ ಜುನಾಗಢದ ನವಾಬರ ಗೀರ್ ಕಾಡಿನಲ್ಲಿ ಮಾತ್ರ ಉಳಿಯಿತು. ಗೀರ್ 1965ರಲ್ಲಿ ಅಭಯಾರಣ್ಯ ಆಯಿತು. ಗಣತಿಯ ಪ್ರಕಾರ 2015ರಲ್ಲಿ 523, 2020ರಲ್ಲಿ 674, 2025ರಲ್ಲಿ 891 ಸಿಂಹಗಳು.

ಇದಕ್ಕೂ ಹಿಂದೆ ಹೋದರೆ ಕುತೂಹಲದ ಸಂಗತಿ ಇದೆ. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಹುಲಿ ಇದೆ, ಆನೆ ಇದೆ, ಖಡ್ಗಮೃಗ ಇದೆ. ಸಿಂಹ ಇಲ್ಲ. ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಸ್ತಂಭಗಳಿಗೆ ಬಂದರೆ ಸಿಂಹ ರಾಜಗಾಂಭೀರ್ಯದಿಂದ ನಿಂತಿದೆ. ವಾಲ್ಮೀಕ್ ಥಾಪರ್, ರೊಮಿಲಾ ಥಾಪರ್, ಯೂಸುಫ್ ಅನ್ಸಾರಿ ಸೇರಿ 2013ರಲ್ಲಿ ತಂದ ಪುಸ್ತಕ ಸಿಂಹ ಭಾರತಕ್ಕೆ ಹೊರಗಿನಿಂದ ತಂದ ಪ್ರಾಣಿ ಅನ್ನುವ ಮಟ್ಟಕ್ಕೂ ವಾದ ಮಾಡಿತು. ಅದಕ್ಕೂ ಮೊದಲೇ ದಿವ್ಯಭಾನುಸಿಂಹ ಅವರು ಏಷ್ಯಾದ ಸಿಂಹದ ದೀರ್ಘ ಇತಿಹಾಸವನ್ನು ಬರೆದಿದ್ದರು. ಗೀರ್ ಸಿಂಹಗಳ ವಂಶವಾಹಿ ಅಧ್ಯಯನಗಳು ಇತ್ತೀಚೆಗೆ ತಂದು ಬಿಟ್ಟ ಪ್ರಾಣಿ ಅನ್ನುವ ಮಾತಿಗೆ ಒತ್ತಾಸೆ ಕೊಡುವುದಿಲ್ಲ. ಈ ಜಗಳದಲ್ಲಿ ಎರಡೂ ಕಡೆಯವರು ಸಾಹಿತ್ಯವನ್ನು ಸಾಕ್ಷಿಯಾಗಿ ಬಳಸಿಕೊಳ್ತಾರೆ ಅನ್ನೋದೇ ನಮಗೆ ಮುಖ್ಯ. ಅಂದರೆ ಸಾಹಿತ್ಯದ ವಿದ್ಯಾರ್ಥಿಗಳಾಗಿ ನಾವು ಸರಿಯಾಗಿ ಓದಿ ಹೇಳುವ ಜವಾಬ್ದಾರಿ ಇದೆ.

ಮೂರು ಭಾಷೆಯ ಬೀದಿಯಲ್ಲಿ ಎರಡು ಪ್ರಾಣಿ

ನಮ್ಮೂರಿನ ಬೀದಿಯಲ್ಲೇ ಒಂದು ಸಣ್ಣ ಸಾಕ್ಷಿ ಇದೆ. ಹುಲಿಗೆ ಕನ್ನಡದಲ್ಲಿ ಹುಲಿ, ಹಳಗನ್ನಡದಲ್ಲಿ ಪುಲಿ. ತಮಿಳಿನಲ್ಲಿ ಪುಲಿ, ತೆಲುಗಿನಲ್ಲಿ ಪುಲಿ, ಕರಾವಳಿಗೆ ಹೋದರೆ ತುಳುವಿನಲ್ಲಿ ಪಿಲಿ. ಒಂದೇ ಬೇರಿನ ದ್ರಾವಿಡ ಪದ. ಸಿಂಹಕ್ಕೆ ಬನ್ನಿ: ಕನ್ನಡದಲ್ಲಿ ಸಿಂಹ, ತದ್ಭವವಾಗಿ ಸಿಂಗ, ತಮಿಳಿನಲ್ಲಿ ಸಿಂಗಂ, ತೆಲುಗಿನಲ್ಲಿ ಸಿಂಹಂ. ಎಲ್ಲವೂ ಸಂಸ್ಕೃತದಿಂದ ಬಂದದ್ದು. ಕೇಸರಿ, ಮೃಗರಾಜ, ಪಂಚಾನನ, ಕಂಠೀರವ ಅನ್ನುವ ಪರ್ಯಾಯ ಪದಗಳೂ ಅಲ್ಲಿಂದಲೇ. ಕಾಡಿನಲ್ಲಿ ದಿನಾ ಎದುರಾಗುವ ಪ್ರಾಣಿಗೆ ಜನ ಹೊರಗಿನ ಹೆಸರಿಗಾಗಿ ಕಾಯುವುದಿಲ್ಲ. ಪದ ಒಂದರಿಂದಲೇ ಪ್ರಾಣಿ ಇರಲಿಲ್ಲ ಅಂತ ತೀರ್ಮಾನ ಮಾಡೋದಕ್ಕಾಗೋದಿಲ್ಲ ನಿಜ. ಆದರೆ ಭೂಗೋಳದ ಸಾಕ್ಷಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಅದಕ್ಕೆ ತೂಕ ಬರುತ್ತದೆ.

ಗಾದೆಯಲ್ಲೂ ಹಾಗೇ. ಹಸಿದರೂ ಸಿಂಹ ಒಣಹುಲ್ಲು ತಿನ್ನೋದಿಲ್ಲ ಅನ್ನುವ ಅರ್ಥದ ಮಾತು ಭರ್ತೃಹರಿಯ ನೀತಿಶತಕದಲ್ಲಿದೆ. ನಮ್ಮ ಜನರ ಬಾಯಲ್ಲಿ ಅದು "ಹುಲಿ ಹಸಿದರೂ ಹುಲ್ಲು ತಿನ್ನೋದಿಲ್ಲ". ಭಾವ ಅದೇ, ಪ್ರಾಣಿ ಬದಲಾಗಿದೆ.

ಇದಕ್ಕಿಂತ ದೊಡ್ಡ ಉದಾಹರಣೆ ಹಸುವಿನದು. ಕಾಳಿದಾಸನ ರಘುವಂಶದಲ್ಲಿ ದಿಲೀಪ ಕಾಯುವ ನಂದಿನಿ ಧೇನುವನ್ನು ಹಿಮಾಲಯದ ಗುಹೆಯಲ್ಲಿ ಹಿಡಿಯುವುದು ಸಿಂಹ. ಅಲ್ಲಿ ರಾಜ ತನ್ನ ದೇಹವನ್ನು ಕೊಡಲು ಮುಂದಾಗ್ತಾನೆ. ನಮ್ಮ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯನ್ನು ಅಡ್ಡಗಟ್ಟುವುದು ಹುಲಿ. ಇಲ್ಲಿ ರಾಜನೇ ಇಲ್ಲ. ಹಸು ತಾನೇ ಮಾತು ಕೊಟ್ಟು ತಾನೇ ಉಳಿಸಿಕೊಳ್ಳುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಎರಡೂ ಕಡೆ ಹಸು, ದೊಡ್ಡ ಬೇಟೆಪ್ರಾಣಿ ಮತ್ತು ಪ್ರಾಣತ್ಯಾಗದ ಮಾತು ಇವೆ. ಅರಮನೆಯ ಕಾವ್ಯದಲ್ಲಿ ಸಿಂಹ ಬರುತ್ತದೆ, ದನಗಾಹಿಗಳ ಲೋಕದ ಹಾಡಿನಲ್ಲಿ ಹುಲಿ ಬರುತ್ತದೆ. ದನ ಕಾಯುವವರಿಗೆ ಯಾವ ಪ್ರಾಣಿ ಹಸುವನ್ನು ಹಿಡಿಯುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು.

ದೇವರ ವಾಹನದಲ್ಲೂ ಇದೇ ಹಂಚಿಕೆ ಕಾಣುತ್ತದೆ. ಪುರಾಣದ ದೇವಿ ಸಿಂಹದ ಮೇಲೆ ಕೂತಿದ್ದಾಳೆ. ನಮ್ಮ ಕಡೆಯಿಂದ ಜನ ಹರಕೆ ಹೊತ್ತು ಹೋಗುವ ಮಲೆ ಮಹದೇಶ್ವರ ಏರಿರುವುದು ಹುಲಿಯನ್ನು. ಮಾದಪ್ಪನ ಬೆಟ್ಟದ ಕಾಡಿಗೂ ನಮ್ಮ ಜಿಲ್ಲೆಯ ಕಾವೇರಿ ಉತ್ತರ ವನ್ಯಧಾಮದ ಕಾಡಿಗೂ ನಡುವೆ ಇರುವುದು ಕಾವೇರಿಯ ಕಣಿವೆ. ಆ ಕಾಡಿನ ದೇವರಿಗೆ ಆ ಕಾಡಿನ ಪ್ರಾಣಿಯೇ ವಾಹನವಾಗಿದೆ.

ಕಲ್ಲಿನಲ್ಲಿ: ವೀರಗಲ್ಲು ಮತ್ತು ಲಾಂಛನ

ಕೃಷ್ಣಗಿರಿ, ಹೊಸೂರು ಸೀಮೆ ವೀರಗಲ್ಲುಗಳ ಸೀಮೆ. ಹುಲಿಯ ಜೊತೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ ಕಲ್ಲನ್ನು ತಮಿಳಿನಲ್ಲಿ ಪುಲಿಕುತ್ತಿ ಕಲ್ಲು ಅಂತಾರೆ. ಕರ್ನಾಟಕದಲ್ಲೂ ಹುಲಿಬೇಟೆಯ ವೀರಗಲ್ಲುಗಳಿವೆ. ಹತ್ತನೆಯ ಶತಮಾನದ ಆತಕೂರು ಶಾಸನದ ಕಲ್ಲಿನಲ್ಲಿ ಕಾಳಿ ಅನ್ನುವ ನಾಯಿ ಹಂದಿಯ ಜೊತೆ ಕಾದಾಡಿದ್ದನ್ನು ಕೆತ್ತಿದ್ದಾರೆ. ಇವೆಲ್ಲ ನಡೆದ ಸಾವುಗಳ ದಾಖಲೆ. ಊರಿನವರು ಕಣ್ಣಾರೆ ಕಂಡ ಪ್ರಾಣಿಗಳು ಅಲ್ಲಿವೆ: ಹುಲಿ, ಹಂದಿ, ನಾಯಿ, ದನ.

ಅರಸರ ಲಾಂಛನ ಬೇರೆ ಲೋಕ. ಕದಂಬರದ್ದು ಸಿಂಹಲಾಂಛನ. ತಾಳಗುಂದದ ಪ್ರಣವೇಶ್ವರ ದೇವಾಲಯದ ಹತ್ತಿರ ಸಿಕ್ಕ ಸಿಂಹಕಟಾಂಜನ ಶಾಸನ ಹಲ್ಮಿಡಿಗಿಂತ ಹಳೆಯದು ಅನ್ನುವ ವಾದ ನಿಮಗೆ ಗೊತ್ತಿದೆ. ಕಾಲದ ಬಗ್ಗೆ ಭಿನ್ನಾಭಿಪ್ರಾಯ ಇದೆ. ಆ ವಾದ ನಿಂತರೆ, ನಮಗೆ ಸಿಕ್ಕ ಅತಿ ಹಳೆಯ ಕನ್ನಡ ಅಕ್ಷರಗಳು ಒಂದು ಸಿಂಹದ ಕಲ್ಲಿನ ಮೇಲೇ ಇವೆ ಅಂತಾಯಿತು. ಕೋಲಾರ ಸೀಮೆಯಿಂದ ಬೆಳೆದ ಗಂಗರು ಮಾತ್ರ ಆನೆಯನ್ನು ಲಾಂಛನ ಮಾಡಿಕೊಂಡರು. ಇವತ್ತಿಗೂ ಆನೆ ತಿರುಗುವ ನಾಡು ಅದು.

ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಹೊಯ್ಸಳರದು. ಸೊಸೆವೂರು, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯ ವಾಸಂತಿಕಾ ದೇವಿಯ ಗುಡಿಯ ಬಳಿ ಮುನಿಯ ಮೇಲೆ ಹುಲಿ ಎರಗಿತು, ಸಳ ಅದನ್ನು ಹೊಡೆದ ಅನ್ನುವುದು ಕಥೆ. ಮಲೆನಾಡಿನ ಅಂಚಿನ ಊರಿನಲ್ಲಿ ಎರಗುವುದು ಹುಲಿಯೇ ತಾನೆ? ಆದರೆ ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಸಳನ ಎದುರು ನಿಂತ ಪ್ರಾಣಿಯನ್ನು ನೋಡಿ. ಕೊರಳ ಸುತ್ತ ಗುಂಗುರು ಗುಂಗುರಾಗಿ ಕೇಸರ ಇದೆ. ಶಿಲ್ಪಿಯ ಕೈಯಲ್ಲಿ ಕಥೆಯ ಹುಲಿ ಸಿಂಹವಾಗಿದೆ. ಚೋಳರ ಲಾಂಛನ ಹುಲಿ, 1116ರಲ್ಲಿ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದ, ಅದರ ನೆನಪು ಈ ಶಿಲ್ಪ ಅನ್ನುವ ವಿವರಣೆಯೂ ಪ್ರಚಾರದಲ್ಲಿದೆ. ಅದನ್ನು ಒಪ್ಪಿದರೂ ಕೇಸರ ಯಾಕೆ ಬಂತು ಅನ್ನುವ ಪ್ರಶ್ನೆ ಉಳಿಯುತ್ತದೆ. ನನ್ನ ಊಹೆ ಸರಳ: ಶಿಲ್ಪಿಗೆ ಗುರುಪರಂಪರೆಯಿಂದ ಬಂದ ಬೇಟೆಪ್ರಾಣಿಯ ಮಾದರಿ ಸಿಂಹದ್ದು. ಆತ ಕಾಡಿಗೆ ಹೋಗಿ ನೋಡಿ ಕೆತ್ತಲಿಲ್ಲ, ಕಲಿತ ರೂಪವನ್ನು ಕೆತ್ತಿದ.

ಹೊಯ್ಸಳ ರಾಮನಾಥ ಹದಿಮೂರನೆಯ ಶತಮಾನದ ಕೊನೆಯಲ್ಲಿ ನಮ್ಮ ಹೊಸೂರು ಸೀಮೆಯ ಕುಂದಾಣಿಯಿಂದಲೇ ಆಳಿದವನು. ಅಂದರೆ ಹುಲಿಯ ವೀರಗಲ್ಲೂ ಸಿಂಹದ ಲಾಂಛನವೂ ಒಂದೇ ಸೀಮೆಗೆ ಸೇರಿದವು. ಒಂದು ಊರಿನವರದು, ಇನ್ನೊಂದು ಅರಮನೆಯದು. ಅರಸು ಹೆಸರುಗಳಲ್ಲೂ ಸಿಂಹವೇ. ಪಂಪನ ಆಶ್ರಯದಾತ ಅರಿಕೇಸರಿ, ಮೈಸೂರಿನ ಕಂಠೀರವ ನರಸರಾಜ ಒಡೆಯ. ಲಾಂಛನಕ್ಕೆ ಹುಲಿಯನ್ನೇ ಹಿಡಿದ ಟಿಪ್ಪು ಈ ಸಾಲಿಗೆ ಹೊರತು.

ಆನೆ ಮತ್ತು ಸಿಂಹ

ಕವಿಸಮಯದಲ್ಲಿ ಸಿಂಹದ ಪರಮ ಶತ್ರು ಆನೆ. ಸಿಂಹ ಆನೆಯ ಕುಂಭಸ್ಥಳಕ್ಕೆ ನೆಗೆದು ಸೀಳುತ್ತದೆ, ಒಳಗಿಂದ ಮುತ್ತು ಉದುರುತ್ತದೆ. ಗುಡುಗು ಕೇಳಿದರೆ ಆನೆಯ ಘೀಳು ಅಂದುಕೊಂಡು ಮೋಡಕ್ಕೂ ಎಗರುತ್ತದೆ. ನಾವು ಬಳಸುವ "ಸಿಂಹಸ್ವಪ್ನ" ಪದವನ್ನೂ ಹೀಗೇ ವಿವರಿಸ್ತಾರೆ: ಕನಸಿನಲ್ಲಿ ಸಿಂಹ ಕಂಡರೆ ಸಾಕು, ಆನೆಗೆ ಜೀವ ಹೋಗುತ್ತದೆ.

ಇದನ್ನು ಬರಿಯ ಕಲ್ಪನೆ ಅಂತ ತಳ್ಳಿಹಾಕುವ ಮೊದಲು ಎರಡು ಸಂಗತಿ ನೋಡಬೇಕು. ಒಂದು, ಬೋಟ್ಸ್ವಾನ ದೇಶದ ಸವುತಿಯಲ್ಲಿ ದೊಡ್ಡ ಹಿಂಡಿನ ಸಿಂಹಗಳು ಆನೆಗಳನ್ನು ಕೊಂದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಆದರೆ ಅದು ನಡೆಯುವ ರೀತಿ ಬೇರೆ: ರಾತ್ರಿಯ ಹೊತ್ತು, ಹಲವು ಸಿಂಹಗಳು ಸೇರಿ, ಹೆಚ್ಚಾಗಿ ಇನ್ನೂ ಪೂರ್ತಿ ಬೆಳೆಯದ ಆನೆಗಳನ್ನು, ಹಿಂದಿನಿಂದ ಹತ್ತಿ ಕೆಡವುತ್ತವೆ. ಒಂಟಿ ಸಿಂಹ ಎದುರಿನಿಂದ ಹಣೆಗೆ ನೆಗೆಯುವ ಚಿತ್ರ ಅಲ್ಲಿ ಇಲ್ಲ. ಎರಡು, ಈಗ ಸಿಂಹ ಇರುವ ಗೀರ್‌ನಲ್ಲಿ ಆನೆ ಇಲ್ಲ, ಆನೆ ಇರುವ ನಮ್ಮ ಕಾಡಿನಲ್ಲಿ ಸಿಂಹ ಇಲ್ಲ. ಆದರೆ ಅರ್ಥಶಾಸ್ತ್ರ ಆನೆಗಳ ಗುಣ ಹೇಳುವಾಗ ಸೌರಾಷ್ಟ್ರ ಮತ್ತು ಪಂಚನದದ ಆನೆಗಳನ್ನು ಕಡೆಯ ದರ್ಜೆಗೆ ಹಾಕುತ್ತದೆ. ಅಂದರೆ ಆ ಕಾಲಕ್ಕೆ ಅಲ್ಲೂ ಆನೆಗಳಿದ್ದವು. ಉತ್ತರ, ಪಶ್ಚಿಮ ಭಾರತದಲ್ಲಿ ಎರಡು ಪ್ರಾಣಿಗಳ ನೆಲೆ ಒಂದನ್ನೊಂದು ಮುಟ್ಟಿರಬಹುದು. ಉತ್ತರದಲ್ಲಿ ಯಾರೋ ಕಂಡ ಒಂದು ದೃಶ್ಯ ಉತ್ಪ್ರೇಕ್ಷೆಗೊಂಡು, ಶ್ಲೋಕವಾಗಿ, ಶಿಲ್ಪವಾಗಿ, ಸಿಂಹವೇ ಇಲ್ಲದ ದಕ್ಷಿಣಕ್ಕೆ ಇಳಿದು ಬಂದಿರಬಹುದು. ಇಲ್ಲಿಗೆ ಬಂದಮೇಲೆ ಎರಡೂ ಪ್ರಾಣಿಗಳು ಒಂದೇ ದೇಹ ಆಗಿಬಿಟ್ಟವು. ಕರ್ನಾಟಕದ ರಾಜ್ಯಲಾಂಛನದಲ್ಲಿ ಗಂಡಭೇರುಂಡದ ಎರಡೂ ಪಕ್ಕದಲ್ಲಿರುವ ಶರಭಕ್ಕೆ ಆನೆಯ ತಲೆ, ಸಿಂಹದ ಮೈ.

ನಮ್ಮ ಕಡೆಯ ನಿಜವಾದ ಆನೆಯ ಕಥೆ ಬೇರೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗೆರೆ ಮೇಲೆ ಆನೆ ಹಿಂಡು ಬರುತ್ತದೆ. ರೈತರು ರಾತ್ರಿಯೆಲ್ಲ ಹೊಲ ಕಾಯ್ತಾರೆ, ಬೆಳೆ ಹೋಗುತ್ತದೆ, ಕೆಲವು ಸಲ ಜೀವವೂ ಹೋಗುತ್ತದೆ. ಅಲ್ಲಿ ಕುಂಭಸ್ಥಳ ಸೀಳುವ ಸಿಂಹ ಯಾರೂ ಬರೋದಿಲ್ಲ. ತಮಟೆ, ಪಟಾಕಿ, ಟಾರ್ಚು, ಅರಣ್ಯ ಇಲಾಖೆಯವರ ಜೀಪು ಬರುತ್ತವೆ.

ಹಿಂತಿರುಗಿ ನೋಡುವುದು

ಕೊನೆಯದಾಗಿ ನನ್ನ ಶೀರ್ಷಿಕೆಯ ಪದ. ರನ್ನ ತನ್ನ ಗದಾಯುದ್ಧದಲ್ಲಿ ಇಡೀ ಭಾರತವನ್ನು ಸಿಂಹಾವಲೋಕನ ಕ್ರಮದಲ್ಲಿ ಹೇಳಿದ ಅಂತ ನಾವೆಲ್ಲ ಓದಿದ್ದೀವಿ. ಸಿಂಹ ನಡೆಯುತ್ತಾ ನಿಂತು ಹಿಂದಕ್ಕೆ ನೋಡುವಂತೆ, ಕವಿ ಯುದ್ಧದ ಕೊನೆಯಲ್ಲಿ ನಿಂತು ಹಿಂದಿನದ್ದನ್ನು ನೋಡ್ತಾನೆ. ಈ ನೋಟವನ್ನು ಗಾಂಭೀರ್ಯದ ನೋಟ ಅಂತ ವಿವರಿಸುವುದು ರೂಢಿ.

ರಾಬರ್ಟ್ ಹೈನ್ಸನ್ ಮತ್ತು ಕ್ರೇಗ್ ಪ್ಯಾಕರ್ 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅಪರಿಚಿತ ಹೆಣ್ಣುಸಿಂಹದ ಗರ್ಜನೆಯನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಗರ್ಜನೆ ಅಂದರೆ ಗಡಿಯ ಘೋಷಣೆ, ಕಿಲೋಮೀಟರುಗಟ್ಟಲೆ ಕೇಳುತ್ತದೆ. ನಮ್ಮ ಜಾಗಕ್ಕೆ ಯಾರೋ ಬಂದಿದ್ದಾರೆ ಅಂತ ಹಿಂಡಿನ ಹೆಣ್ಣುಗಳು ಆ ಸದ್ದಿನ ಕಡೆ ಹೊರಡುತ್ತವೆ. ಎಲ್ಲವೂ ಒಂದೇ ಸಮ ಹೋಗೋದಿಲ್ಲ. ಕೆಲವು ಯಾವಾಗಲೂ ಮುಂದೆ ನಡೆಯುತ್ತವೆ, ಕೆಲವು ಯಾವಾಗಲೂ ಹಿಂದೆ ಉಳಿಯುತ್ತವೆ. ಮುಂದೆ ಹೋಗುವ ಹೆಣ್ಣು ನಡುನಡುವೆ ತಿರುಗಿ ಹಿಂದುಳಿದವಳ ಕಡೆ ನೋಡುತ್ತದೆ. ಯಾರು ಹಿಂಜರಿಯುವವಳು ಅಂತ ಅದಕ್ಕೆ ಗೊತ್ತು. ಅಂಥವಳು ಜೊತೆಗಿದ್ದಾಗ ಇನ್ನಷ್ಟು ಎಚ್ಚರದಿಂದ ನಡೆಯುತ್ತದೆ. ಆದರೂ ಹಿಂದುಳಿದವಳನ್ನು ಶಿಕ್ಷಿಸುವುದಿಲ್ಲ, ತಾನು ಹೋಗುವುದನ್ನು ನಿಲ್ಲಿಸುವುದೂ ಇಲ್ಲ.

ರನ್ನನಿಗೆ ಇದು ಗೊತ್ತಿತ್ತು ಅಂತ ನಾನು ಹೇಳಿದರೆ ಮತ್ತೆ ಮೊದಲ ವರ್ಷದ ತಪ್ಪನ್ನೇ ಮಾಡಿದ ಹಾಗೆ. ಆತನಿಗೆ ಆ ಪದ ಶಾಸ್ತ್ರಪರಂಪರೆಯಿಂದ ಬಂತು. ಆದರೆ ಈ ಸಂಗತಿ ತಿಳಿದ ಮೇಲೆ ನಾನು ಗದಾಯುದ್ಧ ಓದುವ ರೀತಿ ಬದಲಾಯಿತು. ಅಲ್ಲಿ ದುರ್ಯೋಧನ ರಣಭೂಮಿಯಲ್ಲಿ ನಡೆಯುತ್ತಾ ಸತ್ತ ತನ್ನವರನ್ನು ಒಬ್ಬೊಬ್ಬರನ್ನಾಗಿ ನೋಡ್ತಾನೆ. ಅವನೂ ಮುಂದಕ್ಕೆ ಹೋಗಲೇಬೇಕಾದವನು, ಜೊತೆಗೆ ಬರುವವರು ಯಾರೂ ಉಳಿದಿಲ್ಲ. ಆ ನೋಟವನ್ನು ಈಗ ನಾನು ಬರಿಯ ಗಾಂಭೀರ್ಯ ಅಂತ ಓದಲಾರೆ. ಇದು ಕಾವ್ಯದ ಬಗ್ಗೆ ಪುರಾವೆ ಅಲ್ಲ, ಓದುಗಳಾಗಿ ನನಗೆ ಸಿಕ್ಕ ಒಂದು ದಾರಿ ಅಷ್ಟೇ.

ಚರ್ಚೆಯಿಂದ

ಮೊದಲ ಪ್ರಶ್ನೆ ತಮಿಳಿನ ಆಳಿ, ಯಾಳಿ ಪದಗಳ ಬಗ್ಗೆ ಬಂತು: ಸಂಗಂ ಸಾಹಿತ್ಯದಲ್ಲಿ ಆನೆಯನ್ನು ಕೊಲ್ಲುವ ಆಳಿ ಇದೆಯಲ್ಲ, ಅದು ಸಿಂಹಕ್ಕೆ ದೇಸಿ ಪದ ಆಗಬಾರದೇಕೆ? ಒಳ್ಳೆಯ ಪ್ರಶ್ನೆ. ಕೆಲವರು ಅದನ್ನು ಸಿಂಹ ಅಂತಲೇ ಓದ್ತಾರೆ, ಕೆಲವರು ಕಾಲ್ಪನಿಕ ಮೃಗ ಅಂತಾರೆ. ಗುಡಿಯ ಕಂಬಗಳಲ್ಲಿ ಯಾಳಿಗೆ ಎಷ್ಟೋ ಕಡೆ ಸೊಂಡಿಲೂ ಇದೆ. ಹುಲಿಗೆ ಎಲ್ಲೂ ಇಂಥ ಗೊಂದಲ ಇಲ್ಲ, ಪುಲಿ ಅಂದರೆ ಪುಲಿಯೇ. ಗೊಂದಲ ಇರುವುದೇ ಕಣ್ಣಿಂದ ಕಾಣದ ಪ್ರಾಣಿಯ ಲಕ್ಷಣ ಅಂತ ನನಗನ್ನಿಸ್ತದೆ. ಪಕ್ಕದ ಶ್ರೀಲಂಕಾದಲ್ಲೂ ಚರಿತ್ರೆಯ ಕಾಲದಲ್ಲಿ ಕಾಡುಸಿಂಹ ಇರಲಿಲ್ಲ. ಜನಾಂಗದ ಹೆಸರು ಸಿಂಹಳ.

ಎರಡನೆಯ ಪ್ರಶ್ನೆ: ಬನ್ನೇರುಘಟ್ಟದಲ್ಲಿ ಸಿಂಹ ಇದೆಯಲ್ಲ, ಹಾಗಾದರೆ ದಕ್ಷಿಣದ ಹವೆ ಅದಕ್ಕೆ ಒಗ್ಗುತ್ತದೆ ಅಂತಾಯಿತಲ್ಲವೇ? ಬೇಲಿಯೊಳಗೆ ಮಾಂಸ ತಂದು ಹಾಕಿದರೆ ಎಲ್ಲಿ ಬೇಕಾದರೂ ಬದುಕುತ್ತದೆ. ಸರ್ಕಸ್ಸುಗಳಿಂದ ಬಿಡಿಸಿ ತಂದ, ಆಫ್ರಿಕಾದ ಮತ್ತು ಗೀರ್‌ನ ತಳಿ ಬೆರೆತ ಸಿಂಹಗಳನ್ನು ಇಂಥ ಕಡೆ ಇಟ್ಟು ಸಾಕಿದ್ದೂ ಉಂಟು. ಅದು ನೆಲೆಯ ಸಾಕ್ಷಿ ಆಗೋದಿಲ್ಲ. 1957ರಲ್ಲಿ ಗೀರ್‌ನಿಂದ ಮೂರು ಸಿಂಹಗಳನ್ನು ಉತ್ತರ ಪ್ರದೇಶದ ಚಂದ್ರಪ್ರಭಾ ಕಾಡಿಗೆ ಬಿಟ್ಟರು. ಹನ್ನೊಂದರವರೆಗೆ ಬೆಳೆದು ಆಮೇಲೆ ಕಾಣದಾದವು. ನೆಲೆ ಅಂದರೆ ಬೇಟೆ, ಜಾಗ, ಸುತ್ತಲಿನ ಜನ ಎಲ್ಲ ಸೇರಿದ್ದು.

ಮೂರನೆಯದು ಕಿರಿಯ ವಿದ್ಯಾರ್ಥಿಯೊಬ್ಬರದು: ಇದೆಲ್ಲ ತಿಳಿದು ಏನು ಉಪಯೋಗ? ಉಪಯೋಗ ಇದೆ. 2018ರಲ್ಲಿ ಗೀರ್‌ನ ಒಂದು ವಲಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹ ಸತ್ತವು; ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಸ್ ಅಲ್ಲಿ ಪತ್ತೆಯಾಯಿತು. ಅದೇ ವೈರಸ್ 1994ರಲ್ಲಿ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೊಂದಿತ್ತು. ಒಂದೇ ಕಡೆ ಇದ್ದರೆ ಒಂದೇ ರೋಗಕ್ಕೆ ಎಲ್ಲ ಹೋಗಬಹುದು ಅನ್ನೋ ಕಾರಣಕ್ಕೇ ಕೆಲವನ್ನು ಮಧ್ಯಪ್ರದೇಶದ ಕುನೋಗೆ ಕಳಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಕುನೋಗೆ 2022ರಲ್ಲಿ ನಮೀಬಿಯಾದ ಚೀತಾಗಳು ಬಂದವು, ಗೀರ್‌ನ ಸಿಂಹ ಇನ್ನೂ ಹೋಗಿಲ್ಲ. ಸಿಂಹ ಯಾರದ್ದು, ಎಲ್ಲಿಯದು ಅನ್ನುವ ಜಗಳದಲ್ಲಿ ಹೆಮ್ಮೆಯ ಮಾತು ಬಹಳ ಬರುತ್ತದೆ. ಲಾಂಛನದ ಸಿಂಹಕ್ಕೆ ರೋಗ ಬರೋದಿಲ್ಲ, ಕಾಡಿನ ಸಿಂಹಕ್ಕೆ ಬರುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದನ್ನು ನಾವು ಸಾಹಿತ್ಯದವರು ಮೊದಲು ಕಲಿಯಬೇಕು.

ಉಪಸಂಹಾರ

ಒಟ್ಟಿನಲ್ಲಿ ನಾನು ಹೇಳಲು ಹೊರಟದ್ದು ಇಷ್ಟು. ಕನ್ನಡದಲ್ಲಿ ಸಿಂಹ ಅಂತ ಕಂಡ ಕಡೆಯಲ್ಲೆಲ್ಲ ಮೂರು ಪ್ರಶ್ನೆ ಕೇಳಬೇಕು. ಇದು ಅರಮನೆಯ ಮಾತೇ, ಊರಿನ ಮಾತೇ? ಇದು ಬಂದ ದಾರಿ ಗ್ರಂಥದ್ದೇ, ಕಾಡಿನದ್ದೇ? ಇದೇ ಜಾಗದಲ್ಲಿ ಜನಪದ ಯಾವ ಪ್ರಾಣಿಯನ್ನು ಇಡುತ್ತದೆ? ಹೀಗೆ ಕೇಳಿದಾಗ ಸಿಂಹದ ಬೆಲೆ ಕಡಿಮೆ ಆಗೋದಿಲ್ಲ. ಒಂದು ಪದ ಪ್ರಾಣಿಯನ್ನು ಬಿಟ್ಟು ಎಷ್ಟು ದೂರ ನಡೆದು ಬಂದು, ನಮ್ಮ ಅರಸರ ಹೆಸರಾಗಿ, ಕವಿಯ ಕ್ರಮವಾಗಿ, ಅಜ್ಜಿಯ ಮನಸ್ಸಿನ ಚಿತ್ರವಾಗಿ ನಿಂತಿತು ಅನ್ನೋದು ತಿಳಿಯುತ್ತದೆ.

"ಯಾವ ಕಾಡು?" ಅಂತ ಬರೆದ ಗುರುಗಳಿಗೆ ಈಗ ಉತ್ತರ ಕೊಡಬಲ್ಲೆ: ನಮ್ಮ ಕಾಡಲ್ಲ ಸರ್. ಆ ನಿಯೋಜಿತ ಬರಹವನ್ನು ನಾನು ಇನ್ನೂ ಇಟ್ಟುಕೊಂಡಿದ್ದೀನಿ.